ಸಣ್ಣಬೀರಪ್ಪನ ನೆನಪಿನ ಪರೀಕ್ಷೆ

ತೊಗರ್ಸಿಯ ಸಣ್ಣಬೀರಪ್ಪ ಮೂರು ತಿಂಗಳ ಹಿಂದೆ ಕುರಿ ಮೇಯಿಸಲು ಹೋದವನು, ಸಂಜೆ ಕಂಬಳಿಯನ್ನು ಜೋಪಾನವಾಗಿ ಹೆಗಲ ಮೇಲೆ ಹೊತ್ತು ಮನೆಗೆ ಬಂದ. ಕುರಿಗಳನ್ನು ಮಾತ್ರ ಕೆರೆಯ ಹತ್ತಿರವೇ ಮರೆತಿದ್ದ. ಅವರ ವಂಶದಲ್ಲಿ ಏಳು ತಲೆಮಾರಿನಿಂದ ಯಾರೂ ಮಾಡದ ಸಾಧನೆ ಇದು. ಹೆಂಡತಿ ಗುಡ್ಡಮ್ಮ ಅಂದೇ ಹಿಂಡನ್ನು ತನ್ನ ತಮ್ಮ ನಾಗೇಶನಿಗೆ ಒಪ್ಪಿಸಿ, ಗಂಡನನ್ನು ಶಿಕಾರಿಪುರದ ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಹಳೆಯ ಸಕ್ಕರೆ ಕಾಯಿಲೆ, ಹಾಗೇ ಬಿಟ್ಟರೆ ಮಿದುಳಿಗೂ ಏಟು ಬಿದ್ದೀತು ಎಂದರು ಡಾಕ್ಟರಮ್ಮ. ಊಟದಲ್ಲಿ ಪಥ್ಯ ಮಾಡಿ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ನೆನಪೂ ಚುರುಕಾಗಬಹುದು, ಮೂರು ತಿಂಗಳು ಬಿಟ್ಟು ನೋಡೋಣ ಎಂದರು. ನೆನಪು ಸರಿಯಾದ ದಿನವೇ ಕುರಿ ವಾಪಸ್ ಎಂದು ಗುಡ್ಡಮ್ಮ ಮಾತು ಕೊಟ್ಟಳು. ಪಾಪ, ಕುರಿಗಳಿಲ್ಲದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮನೆಯ ಊಟ, ಅಷ್ಟೇ.

ಏಕೆಂದರೆ ಅವನು ನಡೆಯುವ ದಾರಿಯಲ್ಲಿ ಮನೆಗಳಿದ್ದವು. ಮೊದಲ ವಾರ, ಹೀಗೆ ಓಡುತ್ತೀಯಲ್ಲ, ಯಾರು ತೀರಿಹೋದರು ಎಂದು ಕೇಳಿದ ಜನ ಆಮೇಲೆ ತಿಂಡಿಗೆ ಒಳಗೆ ಕರೆಯತೊಡಗಿದರು. ಕರೆದಾಗ ಹೋಗದಿದ್ದರೆ ಸೊಕ್ಕು ಅನ್ನುವುದಿಲ್ಲವೇ?

ಪರೀಕ್ಷೆಯ ದಿನವಂತೂ ಊರಿಗೆ ಊರೇ ಅವನ ಬೆನ್ನಿಗೆ ನಿಂತಿತು. ಬೆಳಗಿನ ನಡಿಗೆಯಲ್ಲಿ ಪಂಚಾಕ್ಷರಪ್ಪ ತನ್ನ ಮನೆಯ ಕಟ್ಟೆಯಿಂದಲೇ ತಡೆದು ಚಾ ಕೊಟ್ಟ.

"ಕುಡೀಪಾ, ಒಂದ್ ಹಳ್ಳೂ ಸಕ್ಕರೆ ಹಾಕಿಲ್ಲ. ಬರೀ ಬೆಲ್ಲ."

ಪರೀಕ್ಷೆಗೆ ಹೋಗುವವರು ಬಾಯಿ ಸಿಹಿ ಮಾಡಿಕೊಳ್ಳಬೇಕೆಂದು ತುಂಗಮ್ಮ ಎರಡು ಹೋಳಿಗೆ ಬಡಿಸಿದಳು. ಮಿದುಳಿಗೆ ಬಲ ಬರಲೆಂದು ವೀರೇಶ ಬಾಳೆಹಣ್ಣಿನ ರಸಾಯನ ಕುಡಿಸಿದ.

ಮಧ್ಯಾಹ್ನ ಶಿಕಾರಿಪುರದಲ್ಲಿ ರಕ್ತದ ವರದಿ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಇಷ್ಟು ನಡೆದೂ ಸಕ್ಕರೆ ಇಳಿದಿಲ್ಲವೇಕೆ? ತಾನು ಹಾಗಲಕಾಯಿ, ಜೋಳದ ರೊಟ್ಟಿ ಬಿಟ್ಟು ಬೇರೇನೂ ಹಾಕಿಲ್ಲವೆಂದು ಗುಡ್ಡಮ್ಮ ಆಣೆ ಮಾಡಿದಳು. ಇರಲಿ, ನೆನಪು ನೋಡೋಣ, ಬೆಳಗಿನಿಂದ ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ ಎಂದರು ಡಾಕ್ಟರಮ್ಮ.

ಸಣ್ಣಬೀರಪ್ಪನ ಕಣ್ಣ ಮುಂದೆ ಕುರಿಗಳು ಬಂದು ನಿಂತವು. ಈಗ ಒಂದು ತಪ್ಪಿದರೂ ಹಿಂಡು ಹೋಯಿತು! ಕಣ್ಣು ಮುಚ್ಚಿ ಶುರು ಮಾಡಿದ. ಪಂಚಾಕ್ಷರಪ್ಪನ ಬೆಲ್ಲದ ಚಾ, ಅದೂ ದೊಡ್ಡ ಲೋಟ. ತುಂಗಮ್ಮನ ಹೋಳಿಗೆ ಎರಡು, ಮೇಲೆ ತುಪ್ಪ. ವೀರೇಶನ ರಸಾಯನ, ಅದರಲ್ಲಿ ಏಲಕ್ಕಿ. ಹುಮ್ಮಸ್ಸಿನಲ್ಲಿ ನಿನ್ನೆಯ ಕೇಸರಿಬಾತು, ಮೊನ್ನೆಯ ಶಾವಿಗೆ ಪಾಯಸವನ್ನೂ ಸೇರಿಸಿದ.

"ನೆನಪು ಬಹಳ ಚೆನ್ನಾಗಿದೆ" ಎಂದರು ಡಾಕ್ಟರಮ್ಮ, ನಗು ತಡೆಯುತ್ತ.

ಸಣ್ಣಬೀರಪ್ಪ ಖುಷಿಯಿಂದ ಕಣ್ಣು ಬಿಟ್ಟು ಹೆಂಡತಿಯ ಮುಖ ನೋಡಿದ. ನೋಡಬಾರದಿತ್ತು.

"ಕುರಿ ನಾಗೇಶನೇ ಕಾಯ್ಲಿ. ಕಂಡಲ್ಲಿ ಬಾಯಿ ಹಾಕೋ ನಿಮ್ಮನ್ನ ನಾನು ಕಾಯ್ತೀನಿ" ಎಂದಳು ಗುಡ್ಡಮ್ಮ.

ಮರುದಿನ ಬೆಳಿಗ್ಗೆ ಸಣ್ಣಬೀರಪ್ಪ ಮುಂದೆ, ಅವನದೇ ಕುರಿ ಕಾಯುವ ಕೋಲು ಹಿಡಿದ ಗುಡ್ಡಮ್ಮ ಹಿಂದೆ. ಪಂಚಾಕ್ಷರಪ್ಪನ ಕಟ್ಟೆ ಬಂದಾಗ ಅವನ ಕಾಲು ಕೊಂಚ ನಿಧಾನವಾಯಿತು.

"ಹುರ್ರ್ರ್..." ಎಂದಳು ಗುಡ್ಡಮ್ಮ.