ಪಾಂಚೊನನ್ನು ಕೊಟ್ಟು ತಂದ ಫೋನು

ಸ್ಮಾರ್ಟ್‌ಫೋನಿನ ವಿಷಯ ನನ್ನಷ್ಟು ತಿಳಿದವನು ನಮ್ಮೂರಲ್ಲಿ ಇನ್ನೊಬ್ಬನಿಲ್ಲ! ಹಾಗೆಂದು ಬೀದಿಯವರು ಡಾಮಿನೋ ಆಡುವ ಮೇಜಿನ ಮುಂದೆ ಎದೆ ತಟ್ಟಿ ಹೇಳಿದವನು ನಾನು. ಅಂಥದ್ದೊಂದು ಫೋನನ್ನು ಕೈಯಲ್ಲಿ ಹಿಡಿದಿರಲಿಲ್ಲ, ಅದು ಬೇರೆ ಮಾತು. ಕ್ಯೂಬಾದಲ್ಲಿ ಇಂಟರ್ನೆಟ್ ಇಲ್ಲದೆಯೇ ಇಂಟರ್ನೆಟ್ಟಿನ ಪಂಡಿತನಾಗಬಹುದು. ವಾರಕ್ಕೊಮ್ಮೆ ಹವಾನಾದಿಂದ ಒಂದು ಡಿಸ್ಕ್ ಬರುತ್ತದೆ. ಧಾರಾವಾಹಿ, ಬೇಸ್‌ಬಾಲ್, ಹೊಸ ಫೋನುಗಳ ವಿಡಿಯೋ ಎಲ್ಲವನ್ನೂ ತುಂಬಿಕೊಂಡು ಮನೆಯಿಂದ ಮನೆಗೆ ತಿರುಗುತ್ತದೆ. ಎರಡು ವರ್ಷ ಆ ವಿಡಿಯೋಗಳನ್ನು ಭಕ್ತಿಯಿಂದ ಪಾರಾಯಣ ಮಾಡಿದ್ದೆ.

ಹೀಗಿರುವಾಗ, ಡಿಸೆಂಬರಿನಿಂದ ಮೊಬೈಲಿಗೇ ಇಂಟರ್ನೆಟ್ ಬರುತ್ತದೆಂದು ಟಿ.ವಿ.ಯಲ್ಲಿ ಘೋಷಣೆಯಾಯಿತು. ಅಡುಗೆಮನೆಗೆ ನುಗ್ಗಿ ಹೆಂಡತಿ ಇದಾಲ್ಮಿಸ್ ಮುಂದೆ ಪ್ರತಿಜ್ಞೆ ಮಾಡಿದೆ.

"ವರ್ಷದ ಕೊನೇ ದಿನ ನಿನ್ನ ತಂಗಿ ಇದೇ ಅಡುಗೆಮನೇಲಿ ನಿಂಗೆ ಕಾಣಿಸ್ತಾಳೆ!"

ಅಕ್ಕಿ ಆರಿಸುತ್ತಿದ್ದ ಅವಳ ಕೈ ನಿಂತಿತು. ತಂಗಿ ನೆರೇಯ್ದಾ ಚಿಲಿಗೆ ಹೋಗಿ ಒಂಬತ್ತು ವರ್ಷ. ಒಮ್ಮೆ ಸಾಗುವಾ ಪೇಟೆಯಲ್ಲಿ ಸರ್ಕಾರ ವೈಫೈ ಹಾಕಿದ ಪಾರ್ಕಿಗೆ ಹೋಗಿ, ಯಾರದೋ ಫೋನಿನಲ್ಲಿ ಅವಳ ಮುಖ ನೋಡಿದ್ದುಂಟು. ಬೆಂಚಿನ ಮೇಲೆ ಕೂತು ಇವಳು ಅಳುತ್ತಿದ್ದರೆ ಸುತ್ತಲಿನ ನಲವತ್ತು ಜನ ಕಿವಿಗೊಟ್ಟು ಕೇಳಿದರು. ಒಬ್ಬ ಮಹಾಶಯ ಸಲಹೆಯನ್ನೂ ಕೊಟ್ಟ! "ಇನ್ನು ಮಾತಾಡಿದ್ರೆ ನನ್ನ ಮನೇಲಿ, ಬಾಗಿಲು ಹಾಕ್ಕೊಂಡು," ಎಂದು ಅಂದೇ ಶಪಥ ಮಾಡಿದ್ದಳು.

"ಫೋನು ಎಲ್ಲಿಂದ ಬರುತ್ತೆ?"

"ಮಿಗ್ದಾಲಿಯಾ ಪನಾಮಾಕ್ಕೆ ಹೊರಟಿದ್ದಾಳೆ."

ಎದುರು ಮನೆಯ ಮಿಗ್ದಾಲಿಯಾ ಪನಾಮಾದಿಂದ ಚಪ್ಪಲಿ, ಬಲ್ಬು, ಬನಿಯನ್ನು ತುಂಬಿಕೊಂಡು ಬಂದು ಮಾರುವವಳು.

"ಅವಳಿಗೆ ಏನು ಕೊಡ್ತೀರಿ? ನಿಮ್ಮ ಮೀಸೇನಾ?"

ನಾನು ಹಿತ್ತಿಲ ಕಡೆ ನೋಡಿದೆ. ಅಲ್ಲಿ ಪಾಂಚೊ ಇದ್ದ. ವರ್ಷದ ಕೊನೆಯ ದಿನದ ಊಟಕ್ಕೆಂದು ಇದಾಲ್ಮಿಸ್ ಹತ್ತು ತಿಂಗಳು ಮನೆಮನೆಯ ಮುಸುರೆ ಹೊತ್ತು ತಂದು ಬೆಳೆಸಿದ ಹಂದಿ.

ಅವಳು ಮತ್ತೆ ಅಕ್ಕಿಗೆ ಕೈ ಹಾಕಿದಳು. "ಹೋಗ್ಲಿ, ಹಂದೀನ ಮುಂದಿನ ವರ್ಷಾನೂ ಸಾಕ್ಬಹುದು," ಎಂದಳು. ಆಮೇಲೆ ಒಂದೇ ಒಂದು ಪ್ರಶ್ನೆ: "ಅಲ್ಲಾ ರೀ, ಆ ಫೋನು ನಮ್ಮೂರಲ್ಲಿ ಹಿಡಿಯುತ್ತೆ ತಾನೇ?"

ಹೊಟ್ಟೆ ಹಿಡಿದುಕೊಂಡು ನಕ್ಕೆ. "ಲೇ, ಅದಕ್ಕೆ ಹಿಂದೇನೇ ಎರಡು ಕ್ಯಾಮೆರಾ! ಬೆರಳಿಟ್ರೆ ತೆರ್ಕೊಳ್ಳುತ್ತೆ, ಮುಖ ನೋಡಿದ್ರೂ ತೆರ್ಕೊಳ್ಳುತ್ತೆ! ನಮ್ಮೂರು ಅದಕ್ಕೆ ಯಾವ ಲೆಕ್ಕ?"

ಫೋನು ಬಂತು, ಪಾಂಚೊ ಹೋದ. ಡಾಮಿನೋ ಮೇಜಿನ ಸುತ್ತ ಜಾತ್ರೆ ನೆರೆಯಿತು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸವೆದ ನನ್ನ ಬೆರಳುಗಳಲ್ಲಿ ಒಂದನ್ನೂ ಅದು ಒಪ್ಪಲಿಲ್ಲ. ಮುಖವನ್ನು ಮಾತ್ರ ತಕ್ಷಣ ಗುರುತಿಸಿತು. ನನ್ನನ್ನು ನೋಡಿದ ಕೂಡಲೇ ಅರಳಿದ್ದು ಈ ಜನ್ಮದಲ್ಲಿ ಅದೊಂದೇ!

ಮರುದಿನ ಸಾಗುವಾದ ಟೆಲಿಫೋನ್ ಕಚೇರಿಗೆ ಹೋದೆ. "ಕೊನೆಯವರು ಯಾರು?" ಎಂದು ಕೂಗಿ, ಕೈ ಎತ್ತಿದವರ ಹಿಂದೆ ನಿಂತೆ. ನಾಲ್ಕು ಗಂಟೆ ಕಾದ ಮೇಲೆ ಕೌಂಟರಿನ ಹುಡುಗಿ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಂಕಲ್, ಇದು ಒಂಬೈನೂರು ಮೆಗಾಹರ್ಟ್ಸ್ ತರಂಗ ಹಿಡಿಯಲ್ಲ. ನಮ್ಮಲ್ಲಿ ಮೊಬೈಲ್ ಇಂಟರ್ನೆಟ್ ಬರೋದು ಅದರಲ್ಲೇ."

"ಎರಡು ಕ್ಯಾಮೆರಾ ಇದೆಯಲ್ಲಮ್ಮಾ!"

"ಹತ್ತಿದ್ರೂ ಅಷ್ಟೇ."

ಹಿಂದಿನಿಂದ ಒಬ್ಬಳು ಮುದುಕಿ, "ಅಯ್ಯೋ, ತಗೊಳ್ಳೋಕೆ ಮುಂಚೆ ಕೇಳ್ಬೇಕಾಗಿದ್ದು ಅದೊಂದೇ ಅಲ್ವೇನಪ್ಪಾ!" ಎಂದಳು. ಸಾಲಿಗೆ ಸಾಲೇ ನಕ್ಕಿತು. ನಾನು ನೋಡಿದ ಯಾವ ವಿಡಿಯೋದಲ್ಲೂ ಈ ಒಂಬೈನೂರು ಬಂದಿರಲಿಲ್ಲ. ಅವನ್ನು ಮಾಡಿದವರಿಗೆ ನಮ್ಮ ದ್ವೀಪದ ತರಂಗ ಕಟ್ಟಿಕೊಂಡು ಏನಾಗಬೇಕಿತ್ತು?

ಇದಾಲ್ಮಿಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. "ನಾನು ಕೇಳಿದ್ದೆ," ಎಂದಳಷ್ಟೆ. ಖಾಲಿ ಹಿತ್ತಿಲ ಕಡೆ ಒಮ್ಮೆ ನೋಡಿ ಅಕ್ಕಿ ಆರಿಸಲು ಕೂತಳು.

ಡಿಸೆಂಬರ್ ಮೂವತ್ತೊಂದರ ಸಂಜೆ ಮಿಗ್ದಾಲಿಯಾಳ ಅಂಗಳದಲ್ಲಿ ಪಾಂಚೊ ಕೆಂಡದ ಮೇಲೆ ತಿರುಗುತ್ತಿದ್ದ. ಬೀದಿಗೆಲ್ಲ ಊಟದ ಕರೆ, ನಮಗೂ. ಅವಳ ಫೋನಿನ ಗಾಜು ಒಡೆದಿತ್ತು, ಹಿಂಬದಿಗೆ ಟೇಪು ಸುತ್ತಿತ್ತು. ಇಂಟರ್ನೆಟ್ ಮಾತ್ರ ಅದರಲ್ಲಿ ಹೊಳೆಯಂತೆ ಹರಿಯುತ್ತಿತ್ತು! ಮಿಗ್ದಾಲಿಯಾ ಅದರಲ್ಲೇ ನೆರೇಯ್ದಾಳಿಗೆ ಕರೆ ಹಚ್ಚಿ ಮುಂದೆ ಚಾಚಿದಾಗ ಇದಾಲ್ಮಿಸ್ ಮೊದಲು ಒಲ್ಲೆ ಎಂದಳು. ಆದರೆ ತಂಗಿ ಆ ಕಡೆ ಕಾಯುತ್ತಿದ್ದಾಳಲ್ಲ! ಶಪಥ ಮುರಿದು ಫೋನು ಕೈಗೆತ್ತಿಕೊಂಡಳು. ಅದೇ ಹೊತ್ತಿಗೆ ಕರೆಂಟು ಹೋಯಿತು.

"ಅಕ್ಕಾ, ಬರೀ ಕತ್ತಲೆ! ನಿನ್ನ ಮುಖಾನೇ ಕಾಣ್ತಿಲ್ಲ!" ಎಂದಿತು ಚಿಲಿ.

ನಾನು ಹಾರಿಬಂದೆ. ನನ್ನ ಫೋನಿನಲ್ಲಿ ಟಾರ್ಚ್ ಇತ್ತಲ್ಲ! ಹಚ್ಚಿ ಎತ್ತಿ ಹಿಡಿದೆ. ಸುತ್ತಲೂ ಪಾಂಚೊನನ್ನು ಅಗಿಯುತ್ತಿದ್ದ ಇಡೀ ಬೀದಿ ಬಾಯಿ ನಿಲ್ಲಿಸಿ ಕಿವಿ ತೆರೆಯಿತು.

"ರೀ, ಕಣ್ಣಿನ ಮೇಲೆ ಬಿಡ್ಬೇಡಿ," ಎಂದಳು ಇದಾಲ್ಮಿಸ್ ಮೆಲ್ಲಗೆ. ಆಗಲೇ ನನಗೆ ಅವಳ ಕಣ್ಣಲ್ಲಿ ನೀರು ಕಂಡದ್ದು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ದೀಪವನ್ನು ಅವಳ ಗಲ್ಲಕ್ಕೆ ಇಳಿಸಿದೆ.

"ಭಾವ ಎಲ್ಲಿ ಅಕ್ಕಾ? ದೊಡ್ಡ ಫೋನು ತಗೊಂಡ್ರಂತೆ? ಹೇಗಿದೆ?"

ಇದಾಲ್ಮಿಸ್ ಭುಜಕ್ಕೆ ಕಣ್ಣು ಒರೆಸಿಕೊಂಡಳು.

"ಬಹಳ ಒಳ್ಳೇ ಫೋನು ಕಣೇ. ನಿನ್ನ ಭಾವನ್ನ ಒಂದು ಕಡೆ ಬಾಯಿ ಮುಚ್ಕೊಂಡು ನಿಲ್ಲಿಸೋಕೆ ಇಪ್ಪತ್ತಾರು ವರ್ಷದಿಂದ ನನ್ನ ಕೈಲಿ ಆಗಿರ್ಲಿಲ್ಲ. ಇದು ನಿಲ್ಲಿಸಿಬಿಟ್ಟಿದೆ ನೋಡು."