ಮಂಡಳಿಗೆ ಕೊಟ್ಟ ಪರಾತ

ಶಾಲು ಹೊದಿಸುತ್ತೇವೆ ಎಂದು ಯಾರಾದರೂ ಅಂದರೆ ಸಾಕು, ಯಾಕೆ, ಏನು ಎಂದು ಕೇಳದೆ ತಲೆ ಬಗ್ಗಿಸುವ ಮನುಷ್ಯ ನಾನು. ನನ್ನ ಸರ್ವಿಸೆಲ್ಲ ಯರಗಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು, ಯಾವ ಬಸ್ಸು ಯಾವ ಕಡೆ ಹೊರಟಿದೆ ಎಂದು ಕೂಗುವುದರಲ್ಲೇ ಕಳೆಯಿತು. ಅಷ್ಟು ಜನರನ್ನು ಅವರವರ ಊರಿಗೆ ಮುಟ್ಟಿಸಿದವನ ಕಡೆ ಒಬ್ಬರಾದರೂ ಕಿಟಕಿಯಿಂದ ಕೈ ಬೀಸಿದ್ದರೆ ಕೇಳಿ! ಹೀಗಾಗಿ ನಿವೃತ್ತನಾಗಿ ಬೈಲಹೊಂಗಲದ ನಮ್ಮ ಓಣಿಗೆ ಬಂದು ಕೂತಾಗ ನನಗೆ ಊಟದ ಹಸಿವಿಗಿಂತ ಸನ್ಮಾನದ ಹಸಿವೇ ಜೋರಾಗಿತ್ತು.

ಓಣಿಯಲ್ಲಿ ಒಂದು ಇತಿಹಾಸ ಮಂಡಳಿ ಇದೆ. ಕಿತ್ತೂರಿಗೆ ಕೋಟೆ ಇದೆ, ಸವದತ್ತಿಗೆ ಕೋಟೆಯ ಜೊತೆಗೆ ಗುಡ್ಡವೂ ಇದೆ, ರಾಮದುರ್ಗದವರು ಅರಮನೆ ತೋರಿಸುತ್ತಾರೆ, ನಮ್ಮ ಓಣಿಗೆ ಮಾತ್ರ ಏನೂ ಇಲ್ಲವಲ್ಲ ಎಂಬ ಸಂಕಟದಿಂದ ಹುಟ್ಟಿದ ಮಂಡಳಿ. ಅಧ್ಯಕ್ಷರು ಇತಿಹಾಸ ಕಲಿಸಿ ನಿವೃತ್ತರಾದ ದೇಸಾಯಿ ಮಾಸ್ತರರು. ಹತ್ತಿ ಅಂಗಡಿಯ ಹಿಂದಿನ ಕೋಣೆ ಹಿಡಿದು ‘ವಸ್ತು ಸಂಗ್ರಹಾಲಯ’ ಎಂದು ಬೋರ್ಡು ಹಾಕಿದ್ದರು. ಒಳಗೆ ಒಂದು ತೂತುಬಿದ್ದ ಕೊಡ, ಒಂದು ಲಾಟೀನು, ಇಷ್ಟೇ. “ಬರೇ ಭಾಷಣಾ ಕೇಳಿದ್ರ ಇತಿಹಾಸ ಉಳಿಯೂದಿಲ್ರಿ. ಮನ್ಯಾಗಿನ ಹಳೇ ಸಾಮಾನ ತಂದು ಕೊಡ್ರಿ. ಕೊಟ್ಟವರಿಗೆ ರುಮಾಲು ಸುತ್ತಿ, ಶಾಲು ಹೊದಿಸಿ ಸನ್ಮಾನ ಮಾಡತೇವಿ” ಎಂದರು ಸಭೆಯಲ್ಲಿ. ಮುಂದೆ ಅವರು ಏನು ಹೇಳಿದರೋ, ನನಗೆ ಕೇಳಿಸಲಿಲ್ಲ.

ಮನೆಯೆಲ್ಲ ಜಾಲಾಡಿದೆ. ಕೊನೆಗೆ ಅಡುಗೆಮನೆಯಲ್ಲಿ ಸಿಕ್ಕಿತು ನನ್ನ ಹೆಂಡತಿ ನೀಲವ್ವ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವ ಕಟ್ಟಿಗೆಯ ಪರಾತ. ಅವಳ ಅಜ್ಜಿಯದು. ಮದುವೆಯಾದಾಗ ಸಾಲಹಳ್ಳಿಯಿಂದ ಅವಳ ಜೊತೆಗೇ ಬಂದದ್ದು. ನೀಲವ್ವ ಆಗ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ತವರಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ನನ್ನ ಸನ್ಮಾನ ಮುಗಿದು ಹೋಗಿತ್ತು. ರುಮಾಲು ಸಡಿಲಾಗಿ ಕಣ್ಣಿನ ಮೇಲೆ ಜಾರಿದ್ದರಿಂದ ಚಪ್ಪಾಳೆ ಹೊಡೆದವರು ಎಷ್ಟು ಜನ ಎಂದು ಕಾಣಲಿಲ್ಲ. ಬಹಳ ಇದ್ದರು ಎಂದೇ ನಾನು ನಂಬಿದ್ದೇನೆ.

“ಪರಾತ ಎಲ್ಲೈತ್ರಿ?” ಎಂದಳು ಬಂದವಳೇ.

“ಅದು ಈಗ ಇತಿಹಾಸಕ್ಕ ಸೇರೇತಿ” ಎಂದೆ ಎದೆಯುಬ್ಬಿಸಿ.

ಅವಳು ಜಗಳ ತೆಗೆಯಲಿಲ್ಲ. ಸ್ಟೀಲಿನ ಪರಾತದಲ್ಲಿ ಹಿಟ್ಟು ನಾದಿದಳು. ರೊಟ್ಟಿ ಕೈಯಲ್ಲೇ ಹರಿಯಿತು. “ಸ್ಟೀಲಿನ್ಯಾಗ ನಾದಿದ ಹಿಟ್ಟು ನನ್ನ ಮಾತ ಕೇಳೂದಿಲ್ಲ. ನನ್ನ ಪರಾತ ಬರೂತನಾ ಈ ಮನ್ಯಾಗ ರೊಟ್ಟಿ ಇಲ್ಲ” ಎಂದು ಕೈ ತೊಳೆದುಕೊಂಡಳು. ನಮ್ಮ ಕಡೆ ಅನ್ನ ಎಷ್ಟು ಉಂಡರೂ ಊಟ ಶುರುವಾದಂತೆ ಅಲ್ಲ. ಮರುದಿನವೇ ಮಾಸ್ತರರ ಹತ್ತಿರ ಓಡಿದೆ. “ದಾನಾ ಕೊಟ್ಟದ್ದನ್ನ ತಿರುಗಿ ಒಯ್ಯೂದಂದ್ರ ಏನ್ರೀ? ರುಮಾಲು ಸುತ್ತಿಸಿಕೊಂಡ ತಲಿಗೆ ಶೋಭಾ ಅಲ್ರಿ” ಎಂದು ಅವರು ನನ್ನನ್ನೇ ನಾಚಿಸಿ ಕಳಿಸಿದರು.

ಆಗ ನೀಲವ್ವ ಹಿಟ್ಟಿನ ಡಬ್ಬಿ, ಹಂಚು, ಸಣ್ಣ ಗ್ಯಾಸಿನ ಒಲೆ ಹೊತ್ತುಕೊಂಡು ಹೋಗಿ ಸಂಗ್ರಹಾಲಯದ ನಡುವೆ ಕೂತೇಬಿಟ್ಟಳು. “ಕೊಟ್ಟವರು ಅವರು. ನಾ ಕೊಟ್ಟಿಲ್ಲ. ಪರಾತ ಒಯ್ಯೂದಿಲ್ರಿ, ಇಲ್ಲೇ ಬಡೀತೇನಿ.”

“ನೋಡೂ ಸಾಮಾನ ಮುಟ್ಟಬಾರದ್ರಿ ನೀಲಕ್ಕಾರ...” ಎಂದು ಮಾಸ್ತರರು ಬಾಯಿ ತೆರೆದರು. ತೆರೆದ ಬಾಯಿಗೆ ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿದ ಬಿಸಿ ರೊಟ್ಟಿಯ ತುತ್ತು ಹೋಯಿತು. ಅಗಿದು ಮುಗಿಸುವಷ್ಟರಲ್ಲಿ ಅವರ ಮತ ಬದಲಾಗಿತ್ತು. “ಇದು ಜೀವಂತ ಇತಿಹಾಸ!” ಎಂದು ಘೋಷಿಸಿ, ಸಂಗ್ರಹಾಲಯದ ವಸ್ತುವಿನಲ್ಲಿ ತಯಾರಾದದ್ದು ಸಂಗ್ರಹಾಲಯದ ಹೊರಗೆ ಹೋಗಕೂಡದು ಎಂದು ಕಾಯಿದೆಯನ್ನೂ ಮಾಡಿದರು. ಅಂದರೆ ನನ್ನ ಹೆಂಡತಿ ಬಡಿದ ರೊಟ್ಟಿ ತಿನ್ನಲು ನಾನು ನೇಸರಗಿಯಿಂದ ಬಂದ ಪ್ರೇಕ್ಷಕರ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಯಿತು. ಇದನ್ನು ನೋಡಿ ಪಕ್ಕದ ಮನೆಯ ಈರಕ್ಕ ಬೀಸುಕಲ್ಲು ದಾನ ಕೊಟ್ಟು, ಅಲ್ಲೇ ಕೂತು ಬೀಸತೊಡಗಿದಳು. ಇನ್ನೊಬ್ಬಳು ತೊಟ್ಟಿಲು ಕೊಟ್ಟಳು, ಮೊಮ್ಮಗನನ್ನು ಅದರಿಂದ ಇಳಿಸದೆ. ಓಣಿಯ ಮನೆಗಳಿಗೆಲ್ಲ ಬೀಗ ಬಿದ್ದು ಇತಿಹಾಸದ ಕೋಣೆ ಗಿಜಿಗುಟ್ಟಿತು. ಸಾಲಿನಲ್ಲಿ ನನ್ನ ಪಾಳಿ ಬರುವಷ್ಟರಲ್ಲಿ ಹಂಚು ಆರಿರುತ್ತಿತ್ತು. ಖರೆ ಹೇಳುತ್ತೇನೆ, ಒಂದು ದಿನ ನನಗೆ ಅಳುವೇ ಬಂತು.

ಮಂಡಳಿಗೆ ಇಷ್ಟು ಕಳೆ ತಂದವಳಿಗೆ ಸನ್ಮಾನ ಮಾಡದಿದ್ದರೆ ಹೇಗೆ? ಮಾಡಿದರು. ಶಾಲಾಯಿತು, ಹಾರವಾಯಿತು. ನೆನಪಿನ ಕಾಣಿಕೆ ಮಾತ್ರ ತರುವುದು ಮರೆತಿದ್ದರು. ತುಂಬಿದ ಸಭೆಯಲ್ಲಿ ಮಾಸ್ತರರು ದೊಡ್ಡ ಮನಸ್ಸು ಮಾಡಿ, “ಇಲ್ಲಿದ್ದದ್ದರೊಳಗ ಏನ ಬೇಕೋ ಕೇಳ್ರಿ ನೀಲಕ್ಕಾರ” ಎಂದುಬಿಟ್ಟರು.

“ಆ ಪರಾತ ಕೊಡ್ರಿ.”

ಕೊಡಲೇಬೇಕಾಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಅಂತೂ ನಾಳೆಯಿಂದ ಮನೆಯಲ್ಲಿ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ! ಆದರೆ ಪರಾತ ಇಟ್ಟಿದ್ದ ಕಟ್ಟೆ ಖಾಲಿಯಾದದ್ದನ್ನು ನೋಡಿ ಮಾಸ್ತರರ ಮುಖ ಸಣ್ಣದಾಯಿತು. ನಮ್ಮಲ್ಲಿ ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲನ್ನು ಬರಿದಾಗಿ ತಿರುಗಿ ಕಳಿಸುವುದಿಲ್ಲ. ಬೆಲ್ಲದ ಚೂರಾದರೂ ಹಾಕುತ್ತೇವೆ. ನೀಲವ್ವ ಪದ್ಧತಿ ಬಿಡುವವಳಲ್ಲ. “ಜಾಗಾ ಖಾಲಿ ಬಿಡಬಾರದ್ರಿ. ನಮ್ಮ ಮನಿಯವರನ್ನ ಇಟಗೋರಿ. ಮುಂಜಾನೆ ಕಳಸತೇನಿ, ಸಂಜೀಕ ನೀವು ಕಳಸ್ರಿ” ಎಂದಳು. ಸಭೆ ಮತ್ತೆ ಚಪ್ಪಾಳೆ ತಟ್ಟಿತು.

ಈಗ ಪರಾತ ಮನೆಯಲ್ಲಿದೆ, ನಾನು ಪರಾತದ ಕಟ್ಟೆಯ ಮೇಲಿದ್ದೇನೆ. ಬಂದವರಿಗೆ ಕೊಡ, ಲಾಟೀನು ತೋರಿಸುವುದು ನನ್ನ ಕೆಲಸ. ಮಧ್ಯಾಹ್ನ ಡಬ್ಬಿಯಲ್ಲಿ ತಣ್ಣಗಾದ ರೊಟ್ಟಿ ಬರುತ್ತದೆ. ನಿನ್ನೆ ಒಬ್ಬ ಅಜ್ಜಿ ನನ್ನನ್ನೇ ಬಹಳ ಹೊತ್ತು ನೋಡಿ ಮಾಸ್ತರರನ್ನು ಕೇಳಿದಳು, “ಇದನ್ಯಾಕ ಕೊಟ್ಟಾರ್ರಿ? ಇನ್ನೂ ಗಟ್ಟಿ ಐತೆಲ್ಲಾ!”

“ಮನ್ಯಾಗ ಉಪಯೋಗಕ್ಕ ಬರಲಿಲ್ಲಂತ್ರಿ” ಎಂದರು ಮಾಸ್ತರರು.

ಸಿಟ್ಟು ಬರಬೇಕಿತ್ತು. ಆದರೆ ಗಟ್ಟಿ ಎಂದಳಲ್ಲ, ಆ ಒಂದು ಮಾತಿಗೆ ಸಂಜೆಯವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.