ಭರಣಿಯೊಳಗಿನ ಬಲೆಗಲ್ಲು

ತನಗೆ ಗೊತ್ತಿಲ್ಲದ ವಿಷಯದ ಮೇಲೆ ಮನುಷ್ಯ ಎಷ್ಟು ಹೊತ್ತು ಮಾತಾಡಬಲ್ಲ ಎಂಬುದಕ್ಕೆ ನಮ್ಮ ಮಾಸ್ತರಿಕೆಗಿಂತ ಬೇರೆ ಸಾಕ್ಷಿ ಬೇಡ. ಗೋಕಾಕದ ಶಾಲೆಯಲ್ಲಿ ನಾನು ಇತಿಹಾಸ ಕಲಿಸುತ್ತಿದ್ದೆ. ಸಮುದ್ರ ನೋಡದೆ ನೌಕಾಯುದ್ಧ ಕಲಿಸಿದ್ದೇನೆ, ಕುದುರೆ ಹತ್ತದೆ ಅಶ್ವದಳ ನಡೆಸಿದ್ದೇನೆ. ಮೀನನ್ನಂತೂ ನೀರಿನಲ್ಲಿ ಬಿಟ್ಟು ಬೇರೆಲ್ಲೂ ಹತ್ತಿರದಿಂದ ಕಂಡವನಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಮೀನಿನ ಬುಟ್ಟಿ ಓಣಿಯಲ್ಲಿ ಹಾದುಹೋದರೆ ನಮ್ಮ ಅವ್ವ ಅಂಗಳಕ್ಕೆ ಇನ್ನೊಮ್ಮೆ ನೀರು ಹಾಕುತ್ತಿದ್ದಳು. ಅಂಥ ನಾನು, ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲಕ್ಕೆ, ಊರಿನ ವಾಚನಾಲಯದಲ್ಲಿ ‘ಮೀನುಬೇಟೆಯ ಪ್ರಾಚೀನ ಇತಿಹಾಸ’ ಎಂಬ ಉಪನ್ಯಾಸ ಕೊಡಲು ಒಪ್ಪಿಕೊಂಡೆ.

ಒಪ್ಪಲು ಕಾರಣ ಒಂದು ಕಲ್ಲು. ಬೇಸಿಗೆಯ ಒಂದು ಮುಂಜಾನೆ ಘಟಪ್ರಭೆಯಲ್ಲಿ ಸ್ನಾನ ಮಾಡಿ ಮೇಲೆ ಬರುವಾಗ ಅದು ಕಾಲಿಗೆ ತೊಡರಿತು. ಅಂಗೈ ಅಗಲದ ಚಪ್ಪಟೆ ಕಲ್ಲು, ನಡುವೆ ದುಂಡಗೆ ಒಂದು ತೂತು. ಮನುಷ್ಯ ನೇಗಿಲು ಹಿಡಿಯುವ ಎಷ್ಟೋ ಮೊದಲೇ ಎಲುಬು ತಿಕ್ಕಿ ಗಾಳ ಮಾಡಿದ, ನಾರು ಹೊಸೆದು ಬಲೆ ಹೆಣೆದ, ಬಲೆ ಮುಳುಗಲೆಂದು ಅದರ ಕೆಳಗೆ ತೂತಿನ ಕಲ್ಲು ಕಟ್ಟಿದ ಎಂದು ಆ ವಾರವಷ್ಟೇ ಓದಿದ್ದೆ. ಹಸಿ ಧೋತರದಲ್ಲೇ ಅರ್ಧ ತಾಸು ದಂಡೆಯ ಮೇಲೆ ಕುಳಿತೆ. ಧಾರವಾಡದಲ್ಲಿ ನನಗೆ ಪಾಠ ಹೇಳಿದ ಪ್ರಾಧ್ಯಾಪಕರಿಗೆ ಅಂದೇ ಪತ್ರ ಬರೆದೆ. ಅವರು ಒಂದು ಕಾರ್ಡು ಹಾಕಿದರು: ಉಪನ್ಯಾಸಕ್ಕೆ ಅಧ್ಯಕ್ಷನಾಗಿ ನಾನೇ ಬರುತ್ತೇನೆ, ಕಲ್ಲು ಖರೆ ಪ್ರಾಚೀನದ್ದಾದರೆ ಕಾಲೇಜಿನ ಗಾಜಿನ ಕಪಾಟಿನಲ್ಲಿಟ್ಟು ಕೆಳಗೆ ನಿನ್ನ ಹೆಸರಿನ ಚೀಟಿ ಹಚ್ಚುತ್ತೇನೆ. ಅಲ್ಲಿಯವರೆಗೆ ನನ್ನ ಹೆಸರು ಹಾಜರಿ ಪುಸ್ತಕ ಮತ್ತು ರೇಶನ್ ಕಾರ್ಡು ಬಿಟ್ಟು ಬೇರೆಲ್ಲೂ ಬಂದಿರಲಿಲ್ಲ. ಆ ಚೀಟಿಯ ಆಸೆಗೆ ನಾನು ಪೂರ್ತಿ ಬಲಿಯಾದೆ.

ಮೀನುಬೇಟೆಯಲ್ಲಿ ನನಗೆ ಅನುಭವವೇ ಇರಲಿಲ್ಲ ಎಂದರೆ ಸುಳ್ಳಾದೀತು. ಚಿಕ್ಕವನಿದ್ದಾಗ ಮಮದಾಪುರದ ಬಾವಿಯಲ್ಲಿ ಗುಂಡುಸೂಜಿ ಬಗ್ಗಿಸಿ ಗಾಳ ಹಾಕಿ, ಮೊದಲ ಎಸೆತಕ್ಕೇ ಹಿಂದೆ ನಿಂತಿದ್ದ ಕಾಕಾನ ರುಮಾಲು ಹಿಡಿದಿದ್ದೆ. ಉಪನ್ಯಾಸಕ್ಕೆಂದು ಒಂದು ಎಲುಬಿನ ಗಾಳ ಮಾಡುವ ಮನಸ್ಸಿತ್ತು. ಆದರೆ ಮನೆಯೊಳಗೆ ಎಲುಬು ತಂದರೆ ನಾನು ಹೊರಗೆ ಮಲಗಬೇಕಾಗುತ್ತಿತ್ತು. ಆದಿಮಾನವರಲ್ಲಿ ಮುಳ್ಳಿನ ಗಾಳವೂ ಇತ್ತೆಂದು ಪುಸ್ತಕದಲ್ಲಿ ಕಂಡು ಸಮಾಧಾನವಾಯಿತು. ಜಾಲಿಯ ಮುಳ್ಳಿಗೆ ದಾರ ಕಟ್ಟಿ ಆ ಯುಗವನ್ನು ಒಂದು ಸಂಜೆಯಲ್ಲಿ ಮುಗಿಸಿದೆ.

ಕಲ್ಲಿನದು ಅಷ್ಟು ಸುಲಭವಾಗಲಿಲ್ಲ. ಅದು ಏನೆಂದು ಮನೆಯಲ್ಲಿ ಹೇಳುವಂತಿರಲಿಲ್ಲ. ಚೆನ್ನಾಗಿ ತಿಕ್ಕಿ ತೊಳೆದು ಒಣಗಲೆಂದು ಬಚ್ಚಲ ಗೋಡೆಯ ಮೇಲಿಟ್ಟು ಹುಕ್ಕೇರಿಗೆ ಒಂದು ಲಗ್ನಕ್ಕೆ ಹೋದೆ. ನಾಲ್ಕು ದಿನ ಬಿಟ್ಟು ಬಂದಾಗ ಕಲ್ಲು ಗೋಡೆಯ ಮೇಲಿರಲಿಲ್ಲ, ಉಪ್ಪಿನಕಾಯಿಯ ಭರಣಿಯಲ್ಲಿತ್ತು. ಮಾವಿನ ಹೋಳು ಉಪ್ಪುನೀರಿನ ಮೇಲೆ ತೇಲದಂತೆ ಅವ್ವ ಹೇರುತ್ತಿದ್ದ ಹಳೆಯ ಕಲ್ಲು ಒಡೆದಿತ್ತಂತೆ. ದೇವರು ಕೊಟ್ಟ ಹಾಗೆ ಇದು ಸಿಕ್ಕಿತೆಂದು ಬಂದ ಹೆಂಗಸರಿಗೆಲ್ಲ ತೋರಿಸಿದ್ದಳಂತೆ. ನಮ್ಮ ಮನೆಯಲ್ಲಿ ಮೊದಲ ಭರಣಿಯನ್ನು ಊರಿಗೆ ಹಂಚದೆ ನಾವು ಬಾಯಿಗೆ ಹಾಕುವ ಪದ್ಧತಿಯಿಲ್ಲ. ಅದಾಗಲೇ ಓಣಿಯ ಮನೆಮನೆಗೆ ಹೋಗಿತ್ತು, ಹೆಡ್‌ಮಾಸ್ತರರಿಗೆ ಹೋಗಿತ್ತು, ಮಠಕ್ಕೂ ಹೋಗಿತ್ತು. ಸ್ವಾಮಿಗಳು ಇನ್ನಷ್ಟು ಕಳಿಸಲು ಹೇಳಿದ್ದರು. ಈಗ ಬಾಯಿ ಬಿಟ್ಟರೆ ವರ್ಷದ ಉಪ್ಪಿನಕಾಯಿ ತಿಪ್ಪೆಗೆ, ಅವ್ವನ ಮಾನ ಊರ ಬಾಯಿಗೆ. ಸತ್ಯಕ್ಕೆ ಅವಸರವಿಲ್ಲ ಎಂದು ಇತಿಹಾಸವೇ ಕಲಿಸುತ್ತದೆ. ನಾನು ಸುಮ್ಮನಿದ್ದೆ.

ಉಪನ್ಯಾಸದ ದಿನ ಭರಣಿಯಿಂದ ಕಲ್ಲು ತೆಗೆದು, ಒರೆಸಿ, ಜೇಬಿನಲ್ಲಿಟ್ಟುಕೊಂಡು ಹೋದೆ. ವಾಚನಾಲಯದ ಮೆಟ್ಟಿಲನ್ನೇ ಹತ್ತದ ಅವ್ವ ಅಂದು ಮಗನ ಭಾಷಣ ಕೇಳಲು ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬರುತ್ತಾಳೆಂದು ನನಗೆ ಹೊಳೆದಿರಲಿಲ್ಲ. ಬಾಗಿಲ ಹತ್ತಿರ ಅಂಬಿಗರ ಯಲ್ಲಪ್ಪ ನಿಂತಿದ್ದ. ಮಳೆಗಾಲದಲ್ಲಿ ಊರಿನವರನ್ನು ದೋಣಿಯಲ್ಲಿ ಹೊಳೆ ದಾಟಿಸುವವನು, ಉಳಿದ ಕಾಲಕ್ಕೆ ಮೀನು ಹಿಡಿಯುವವನು. ಸಭೆಗೆ ತೋರಿಸಲು ಬಲೆ ತಾ ಎಂದು ನಾನೇ ಕರೆಸಿದ್ದೆ. ಅವನ ಬೀಸುಬಲೆಗೆ ಸೀಸದ ಗುಂಡುಗಳಿದ್ದವು. ಅವನ್ನು ತೋರಿಸಿ, ನಮ್ಮ ಯಲ್ಲಪ್ಪನಿಗೆ ಸೀಸವಾದರೂ ಇದೆ, ಕಾಡು ಮನುಷ್ಯನಿಗೆ ಏನಿತ್ತು ಎಂದು ಸಭೆಯನ್ನು ಕೇಳಿ, ಜೇಬಿನಿಂದ ಕಲ್ಲು ತೆಗೆದು ಎತ್ತಿ ಹಿಡಿದೆ. ಮಾತಿನ ರಭಸ ಕೆಟ್ಟದ್ದು. ಸಾವಿರಾರು ವರ್ಷಗಳ ಮೀನಿನ ನೆತ್ತರು ಕುಡಿದ ಕಲ್ಲು ಇದು ಎಂದುಬಿಟ್ಟೆ. ಗಂಡಸರು ಚಪ್ಪಾಳೆ ಹೊಡೆದರು. ಹೆಂಗಸರ ಸಾಲಿನಲ್ಲಿ ಯಾರೂ ಹೊಡೆಯಲಿಲ್ಲ. ಹೆಡ್‌ಮಾಸ್ತರರ ಹೆಂಡತಿ ಬಾಯಿಗೆ ಸೆರಗು ಹಿಡಿದಳು.

ಅವ್ವ ಎದ್ದು ನಿಂತಳು. “ತಮ್ಮಾ, ಖರೆ ಹೇಳು. ನಮ್ಮ ಭರಣ್ಯಾಗ ಇದ್ದದ್ದು ಇದ ಕಲ್ಲ ಹೌದಲ್ಲೊ?”

ಹೌದೆಂದೆ. ಆಕೆ ನೆಟ್ಟಗೆ ಮುಂದೆ ಬಂದು ನನ್ನ ಕೈಯಿಂದ ಕಲ್ಲು ತೆಗೆದುಕೊಂಡು, ಪ್ರಾಧ್ಯಾಪಕರನ್ನೂ ದಾಟಿ, ಯಲ್ಲಪ್ಪನ ಕೈಗೆ ಕೊಟ್ಟಳು. “ನಿನಗ ತಿಳೀತೈತಿ. ಮೀನದ ವಾಸನಿ ಐತೇನು ನೋಡಪಾ.”

ಯಲ್ಲಪ್ಪ ಕಲ್ಲನ್ನು ತಿರುವಿದ, ತೂತಿನಲ್ಲಿ ಬೆರಳಾಡಿಸಿದ, ಮೂಸಿದ. ಅವ್ವನ ಮುಖ ನೋಡಿದ. “ಮೀನದ ವಾಸನಿ ಇಲ್ರಿ ಅವ್ವಾರ. ಮಾವಿನಕಾಯಿ, ಮೆಂತೆ, ಸಾಸವಿ, ಇಷ್ಟ ಐತ್ರಿ.”

ಪ್ರಾಧ್ಯಾಪಕರು ನನ್ನ ಕಡೆ ತಿರುಗಿ, ಸಂಶೋಧಕರ ಕೊನೆಯ ಅಭಿಪ್ರಾಯವೇನು ಎಂದು ಕೇಳಿದರು. ಅವರ ಮುಂದಿನ ಮೇಜಿನ ಮೇಲೆ ಚೀಟಿ ಆಗಲೇ ತಯಾರಿತ್ತು. ನನ್ನ ಹೆಸರನ್ನು ಎಷ್ಟು ದುಂಡಗೆ ಬರೆದಿದ್ದರೆಂಬುದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ಅವ್ವನೂ ನನ್ನನ್ನೇ ನೋಡುತ್ತಿದ್ದಳು. ನನ್ನದು ತಪ್ಪು ತಿಳಿವಳಿಕೆ, ಇದು ಬಲೆಗಲ್ಲೇ ಅಲ್ಲ, ಹೊಳೆಯ ನೀರು ಕೊರೆದ ಸಾದಾ ಕಲ್ಲು ಎಂದೆ. ಅವ್ವ ಯಲ್ಲಪ್ಪನಿಂದ ಕಲ್ಲು ಇಸಿದುಕೊಂಡು ಹೋಗಿ ಕುಳಿತಳು. ಪ್ರಾಧ್ಯಾಪಕರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅವರು ಚಹಾ ಕುಡಿಯದೆ ಬಸ್ಸು ಹತ್ತಿದ್ದನ್ನು ಹೆಡ್‌ಮಾಸ್ತರರು ಮುಂದೆ ಎರಡು ವರ್ಷ ನೆನಪಿಸುತ್ತಿದ್ದರು.

ಮರುದಿನ ಯಲ್ಲಪ್ಪ ಮನೆಗೆ ಬಂದು ಅಂಗಳದಲ್ಲೇ ನಿಂತು ನನ್ನನ್ನು ಹೊರಗೆ ಕರೆದ. “ಮಾಸ್ತರ, ಆ ಕಲ್ಲ ನಂದ್ರಿ. ಹ್ವಾದ ಮಳಿಗಾಲದಾಗ ದೊಡ್ಡ ಬಲಿ ಹರದು ಹೊಳಿಯಾಗ ಹೋಗಿತ್ತು. ತೂತ ನಾನ ಹಾಕೇನಿ, ಎರಡ ದಿನ ಹಿಡದಿತ್ತು.”

ನನ್ನ ಸಾವಿರಾರು ವರ್ಷಗಳು ಹೀಗೆ ಒಂದು ವರ್ಷಕ್ಕೆ ಇಳಿದವು. ಹಾಗಾದರೆ ನಿನ್ನೆ ಸುಳ್ಳೇಕೆ ಹೇಳಿದೆ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. “ಸುಳ್ಳ ಎಲ್ಲಿ ಹೇಳೇನ್ರಿ? ಅವ್ವಾರು ವಾಸನಿ ಕೇಳಿದ್ರು, ವಾಸನಿ ಹೇಳಿದೆ. ಬಲಿ ಕಲ್ಲ ಅಲ್ಲ ಅಂತ ಅಂದಾವ್ರು ನೀವು,” ಎಂದ. ದೋಣಿ ಕಟ್ಟಲು ಅವನಿಗೆ ಬೇಕಂತೆ ಎಂದು ಅವ್ವನಿಗೆ ಹೇಳಿ ಕಲ್ಲು ಕೊಡಿಸಿದೆ. ಊರಲ್ಲಿ ಖರೆ ಹೇಳುವವನು ಅವನೊಬ್ಬನೇ ಎಂದು ಆಕೆ ಒಂದು ಬಟ್ಟಲು ಉಪ್ಪಿನಕಾಯಿಯನ್ನೂ ಕೊಟ್ಟಳು. ಮೀನಿನ ಜೋಡಿ ಅದು ಭಾರಿ ರುಚಿ ಎಂದು ಅವನು ಮುಂದೆ ನನಗೊಬ್ಬನಿಗೇ ಹೇಳಿದ. ನಾನು ಅದನ್ನೂ ನುಂಗಿಕೊಂಡೆ.

ವಾರದ ಮೇಲೆ ಯಲ್ಲಪ್ಪ, ಬಲೆಯನ್ನೇ ಕಾಣದ ಹೊಸ ಕಲ್ಲಿಗೆ ತೂತು ಹಾಕಿ ಅವ್ವನಿಗೆಂದು ತಂದುಕೊಟ್ಟ. ಎತ್ತಿಡಲು ಅನುಕೂಲವೆಂದು ಅವ್ವ ಅದನ್ನು ಸಣ್ಣ ಗಾಜಿನ ಭರಣಿಗೆ ಹಾಕಿದಳು. ಆ ಭರಣಿ ನನ್ನದು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿಯೂ ಖಾರ ತಿನ್ನಲಾರದವನು ನಾನೊಬ್ಬನೇ ಇರಬೇಕು. ಬೇರೆ ಭರಣಿಯ ಜೊತೆ ಅದಲು ಬದಲಾಗಬಾರದೆಂದು ಒಂದು ಚೀಟಿ ಹಚ್ಚಲು ಅವ್ವ ಹೇಳಿದಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ನನ್ನ ಹೆಂಡತಿ ಪದ್ಧತಿಯಂತೆ ಗಂಡನ ಹೆಸರು ಬರೆಯುವಂತಿರಲಿಲ್ಲ, ಆದ್ದರಿಂದ ನಾನೇ ಬರೆದೆ. ಗಾಜಿನೊಳಗೆ ತೂತಿನ ಕಲ್ಲು, ಕೆಳಗೆ ಚೀಟಿ, ಚೀಟಿಯಲ್ಲಿ ನನ್ನ ಹೆಸರು. ಪ್ರಾಧ್ಯಾಪಕರು ಬರೆದದ್ದಕ್ಕಿಂತ ಒಂದು ಮಾತು ಹೆಚ್ಚಿಗೆಯೇ ಇತ್ತು: ‘ಖಾರ ಕಡಿಮೆ’.